ಮಕ್ಕಳ ಕಿವಿಯೂ ಸೇವಾಸಂಸ್ಥೆಗಳ ಕರ್ತವ್ಯವೂ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯವನ್ನು ದಾಟಿ ಮುಂದೆ ಸಾಗಿದರೆ ಟಿ. ದಾಸರಹಳ್ಳಿ ಸಿಕ್ಕುತ್ತದೆ. ಕಣ್ಣು ಮುಚ್ಚಿಕೊಂಡು ಹೋದರೂ ಇದನ್ನು ಗುರುತಿಸಬಹುದು. ಲಾರಿಗಳ ಹಾರನ್ನು, ಬಸ್ಸುಗಳ ಆರ್ಭಟ, 2015ರಿಂದ ತಲೆಯ ಮೇಲೆ ಓಡಾಡುತ್ತಿರುವ ಮೆಟ್ರೊ ರೈಲಿನ ಸದ್ದು, ಒಳಬೀದಿಯ ಚಿಕ್ಕ ಷೆಡ್ಡುಗಳಲ್ಲಿ ಲೇತು ಯಂತ್ರಗಳು ಉಕ್ಕನ್ನು ಕೊರೆಯುವ ಕೀರುಧ್ವನಿ, ಇವೆಲ್ಲವೂ ಸೇರಿ ಈ ಊರಿಗೆ ತನ್ನದೇ ಆದ ಒಂದು ನಾದವನ್ನು ಕೊಟ್ಟಿವೆ. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವು ಬೆಳೆಯತೊಡಗಿದ ಮೇಲೆ ಕೆಲಸವನ್ನರಸಿ ಬಂದವರು ಇಲ್ಲಿ ನೆಲೆ ನಿಂತರು. 2007ರಲ್ಲಿ ಊರು ಬೆಂಗಳೂರು ಮಹಾನಗರದ ಎಲ್ಲೆಯೊಳಗೆ ಸೇರಿತು. ಹಳ್ಳಿಯೆಂಬುದು ಹೆಸರಿನಲ್ಲಿ ಮಾತ್ರ ಉಳಿದಿದೆ.

ಇಷ್ಟೊಂದು ಸದ್ದಿನ ನಡುವೆ ಹುಟ್ಟಿ, ಅದರಲ್ಲಿ ಯಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳಲಾರದೆ ಬೆಳೆಯುವ ಮಕ್ಕಳೂ ಇಂತಹ ಊರುಗಳಲ್ಲಿ ಉಂಟು. ಹುಟ್ಟಿದ ಸಾವಿರ ಕೂಸುಗಳಲ್ಲಿ ಒಂದೆರಡಕ್ಕಾದರೂ ಗಂಭೀರವಾದ ಶ್ರವಣದೋಷ ಇರುತ್ತದೆಂಬುದು ಲೋಕಾನುಭವ. ಅಂತಹ ಮಕ್ಕಳಿಗೆ ನೆರವಾಗಬೇಕೆಂದು ಹೊರಟಿರುವ ಸೇವಾಸಂಸ್ಥೆಗಳೂ ನಮ್ಮಲ್ಲಿ ಕಡಮೆಯಿಲ್ಲ. ಆ ನೆರವು ಯಾವ ರೀತಿಯದಾಗಿರಬೇಕು ಎಂಬ ವಿಷಯವಾಗಿ ಕೆಲವು ಮಾತುಗಳನ್ನು ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ರೋಟರಿ, ಲಯನ್ಸ್ ಮೊದಲಾದ ಸಂಸ್ಥೆಗಳು ನಡೆಸುವ ಶಿಬಿರವನ್ನು ನೋಡದವರಾರು? ಭಾನುವಾರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲುಗಟ್ಟಿ ನಿಲ್ಲುತ್ತಾರೆ. ವೈದ್ಯರು ಕಿವಿಯೊಳಗೆ ದೀಪ ಹಾಯಿಸಿ ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆಲವು ಮಕ್ಕಳಿಗೆ ಶ್ರವಣಯಂತ್ರಗಳು ದೊರೆಯುತ್ತವೆ. ಗಣ್ಯರ ಭಾಷಣ, ಹಾರ, ಭಾವಚಿತ್ರ ಇವೂ ಆಗುತ್ತವೆ. ಇಷ್ಟನ್ನೆಲ್ಲ ತಮ್ಮ ಹಣ ಹಾಕಿ, ತಮ್ಮ ರಜೆಯ ದಿನವನ್ನು ಕಳೆದು ಮಾಡುವವರ ಸದ್ಭಾವದಲ್ಲಿ ನಮಗೆ ಲೇಶವೂ ಸಂಶಯವಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ: ಆರು ತಿಂಗಳು ಕಳೆದ ಮೇಲೆ ಆ ಶ್ರವಣಯಂತ್ರವು ಎಲ್ಲಿದೆ? ಮಗುವಿನ ಕಿವಿಯಲ್ಲಿದೆಯೆ, ಅಥವಾ ಟ್ರಂಕಿನ ತಳದಲ್ಲಿದೆಯೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಶಿಬಿರದ ಪದ್ಧತಿಯು ಕಣ್ಣಿನ ಚಿಕಿತ್ಸೆಯಿಂದ ಹುಟ್ಟಿದುದು. ಅದನ್ನು ಹಾಗೆಯೇ ತಂದು ಕಿವಿಗೆ ಅನ್ವಯಿಸಿದುದರಲ್ಲಿ ತಪ್ಪಿದೆ. ಕಣ್ಣಿಗೆ ಒಂದು ದಿನ ಸಾಕಾಗಬಹುದು. ಮಗುವಿನ ಕಿವಿಗೆ ವರ್ಷಗಳೇ ಬೇಕು.

ಕಣ್ಣಿನ ಶಿಬಿರದ ಮಹಿಮೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2005ರಲ್ಲಿ ನಿಧನರಾದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕವಾಗಿ ನೇತ್ರಶಸ್ತ್ರಚಿಕಿತ್ಸೆ ನಡೆಸಿ ಅಸಂಖ್ಯ ಜನರ ಕಣ್ಣಿನ ಪೊರೆ ತೆಗೆದರು. ಅವರ ಹೆಸರನ್ನು ಹೊತ್ತ ಆಸ್ಪತ್ರೆಯ ರಸ್ತೆ ಬೆಂಗಳೂರಿನಲ್ಲಿಯೇ ಇದೆ. ಲಯನ್ಸ್ ಸಂಸ್ಥೆಗೆ ಈ ಮಾರ್ಗವನ್ನು ತೋರಿಸಿದವರು ಕುರುಡೂ ಕಿವುಡೂ ಎರಡನ್ನೂ ಅನುಭವಿಸಿದ ಹೆಲೆನ್ ಕೆಲ್ಲರ್ ಎಂಬುದು ಗಮನಾರ್ಹ. 1925ರಲ್ಲಿ ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ನಡೆದ ಲಯನ್ಸ್ ಸಮ್ಮೇಳನದಲ್ಲಿ ಆಕೆ ಅಂಧರ ಪರವಾಗಿ ನಿಲ್ಲಬೇಕೆಂದು ಕರೆಕೊಟ್ಟಳು; ಅಂದಿನಿಂದ ನೇತ್ರಸೇವೆಯು ಆ ಸಂಸ್ಥೆಯ ಮುಖ್ಯ ವ್ರತವಾಯಿತು. ಪೊರೆ ಬೆಳೆದ ಮುದುಕನಿಗೆ ಹಿಂದೆ ಒಮ್ಮೆ ದೃಷ್ಟಿಯಿತ್ತು. ಪೊರೆ ತೆಗೆದೊಡನೆ ಅವನು ತನ್ನ ಮೊಮ್ಮಗನ ಮುಖವನ್ನು ಕಂಡು ಗುರುತಿಸಬಲ್ಲನು. ನೋಡುವುದನ್ನು ಅವನು ಹೊಸದಾಗಿ ಕಲಿಯಬೇಕಾಗಿಲ್ಲ. ಹುಟ್ಟಿನಿಂದ ಕೇಳದ ಮಗುವಿನ ಸ್ಥಿತಿಯೇ ಬೇರೆ. ಅದು ಏಕೆ ಬೇರೆ ಎಂಬುದನ್ನು ತಿಳಿಯಬೇಕಾದರೆ ಕಿವಿಯ ರಚನೆಯತ್ತ ದೃಷ್ಟಿ ಹಾಯಿಸಬೇಕು.

ಹೊರಗಿನ ಧ್ವನಿಯು ಕಿವಿಯ ನಾಳದೊಳಗೆ ಹೊಕ್ಕು, ಸುಮಾರು ಒಂದು ಸೆಂಟಿಮೀಟರು ಅಗಲದ ಕರ್ಣಪಟಲವನ್ನು ಅಲುಗಿಸುತ್ತದೆ. ಆ ಅಲುಗಾಟವನ್ನು ಮೂರು ಪುಟ್ಟ ಎಲುಬುಗಳು ಒಂದರಿಂದೊಂದಕ್ಕೆ ದಾಟಿಸಿ ಒಳಗಿವಿಗೆ ಮುಟ್ಟಿಸುತ್ತವೆ. ಕೊನೆಯ ಎಲುಬು ರಿಕಾಪಿನ ಆಕಾರದ್ದು. ಮೂರು ಮಿಲಿಮೀಟರಿನಷ್ಟು ಮಾತ್ರ ಇರುವ ಇದೇ ನಮ್ಮ ದೇಹದ ಅತಿ ಚಿಕ್ಕ ಎಲುಬು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ಕರ್ಣಶಂಖವಿದೆ. ಧ್ವನಿಯು ಈ ಶಂಖದೊಳಗಿನ ಪೊರೆಯ ಮೇಲೆ ಅಲೆಯಾಗಿ ಸಾಗುತ್ತದೆಂದೂ, ಕೀಚಲು ಧ್ವನಿಗೆ ಶಂಖದ ಬುಡವೂ ಗಡಸು ಧ್ವನಿಗೆ ಅದರ ತುದಿಯೂ ಹೆಚ್ಚಾಗಿ ಸ್ಪಂದಿಸುವುವೆಂದೂ ತೋರಿಸಿಕೊಟ್ಟ ಜಾರ್ಜ್ ಫಾನ್ ಬೆಕೆಸಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಪೊರೆಯ ಮೇಲೆ ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000 ರೋಮಕೋಶಗಳು ನಿಂತಿವೆ. ಅಲುಗಾಟವನ್ನು ನರದ ಭಾಷೆಗೆ ತರ್ಜುಮೆ ಮಾಡುವವು ಇವೇ. ಹುಟ್ಟುವಾಗಲೇ ಇವು ಪೂರ್ಣವಾಗಿ ಸಿದ್ಧವಾಗಿರುತ್ತವೆ. ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಆದುದರಿಂದ ಶ್ರವಣದೋಷದಲ್ಲಿ ಎರಡು ಬಗೆಗಳನ್ನು ಕಾಣಬಹುದು. ದಾರಿಯಲ್ಲಿ ತಡೆಯುಂಟಾದುದು ಒಂದು ಬಗೆ: ಗುಗ್ಗೆ ಕಟ್ಟಿಕೊಳ್ಳುವುದು, ಕೀವು ಸೋರುವುದು, ಪಟಲದ ಹಿಂದೆ ದ್ರವ ನಿಲ್ಲುವುದು. ಇದು ಬಹುಮಟ್ಟಿಗೆ ಚಿಕಿತ್ಸೆಗೆ ಬಗ್ಗುತ್ತದೆ. ಶಿಬಿರವೂ ಇಲ್ಲಿ ಪ್ರಯೋಜನಕಾರಿ. ರೋಮಕೋಶಗಳಲ್ಲಾಗಲಿ ನರದಲ್ಲಾಗಲಿ ದೋಷವಿರುವುದು ಇನ್ನೊಂದು ಬಗೆ. ಇಲ್ಲಿ ಶ್ರವಣಯಂತ್ರವೋ ಶಸ್ತ್ರಕ್ರಿಯೆಯಿಂದ ಒಳಗಿವಿಯಲ್ಲಿ ಇರಿಸುವ ಕಾಕ್ಲಿಯರ್ ಇಂಪ್ಲಾಂಟೋ ಬೇಕಾಗುತ್ತದೆ. ಕನ್ನಡಕವನ್ನು ಹಾಕಿದೊಡನೆ ಅಕ್ಷರ ಸ್ಪಷ್ಟವಾಗುವಂತೆ ಇವುಗಳಿಂದ ಮಾತು ಸ್ಪಷ್ಟವಾಗುವುದೆಂದು ತಿಳಿಯುವುದು ತಪ್ಪು. ಯಂತ್ರವು ಧ್ವನಿಯನ್ನು ಮಿದುಳಿನವರೆಗೆ ಕಳುಹಿಸಬಲ್ಲದು. ಆ ಧ್ವನಿಗೆ ಅರ್ಥವನ್ನು ಕೊಡಬೇಕಾದುದು ಮಿದುಳು. ಆ ವಿದ್ಯೆಯನ್ನು ಮಿದುಳು ಅತ್ಯಂತ ಸುಲಭವಾಗಿ ಕಲಿಯುವುದು ಬಾಳಿನ ಮೊದಲ ಕೆಲವು ವರ್ಷಗಳಲ್ಲಿ.

ಅಭಿಮನ್ಯುವು ತಾಯ ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಭೇದನವನ್ನು ಕೇಳಿ ಕಲಿತನೆಂಬುದು ನಮಗೆಲ್ಲ ತಿಳಿದ ಕಥೆ. ಗರ್ಭಸ್ಥ ಶಿಶುವಿಗೆ ಕಥೆ ಅರ್ಥವಾಗುವುದಿಲ್ಲವಾದರೂ ಹೆರಿಗೆಗೆ ಹಲವು ವಾರಗಳ ಮೊದಲೇ ಅದಕ್ಕೆ ಧ್ವನಿ ಕೇಳುತ್ತದೆಂಬುದೂ, ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸುತ್ತದೆಂಬುದೂ ಪ್ರಯೋಗಗಳಿಂದ ಸಿದ್ಧವಾಗಿದೆ. ಇನ್ನೊಂದು ಪ್ರಯೋಗವು ನಮ್ಮ ಭಾಷೆಗೆ ಹತ್ತಿರವಾದುದು. 1984ರಲ್ಲಿ ಕೆನಡದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು ಇಂಗ್ಲಿಷ್ ಮಾತನಾಡುವ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಧ್ವನಿಗಳನ್ನು ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಆರರಿಂದ ಎಂಟು ತಿಂಗಳ ಕೂಸುಗಳು ಈ ಎರಡು ಧ್ವನಿಗಳ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿದುವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿಹೋಗಿತ್ತು. ನಾವು ಸಹಜವಾಗಿ ಬೇರ್ಪಡಿಸುವ ತ, ಟಗಳ ಪಾಠವನ್ನು ನಮ್ಮ ಮಕ್ಕಳು ಅಕ್ಷರಾಭ್ಯಾಸಕ್ಕೆ ಎಷ್ಟೋ ಮೊದಲೇ, ತೊಟ್ಟಿಲಿನಲ್ಲಿಯೇ ಕಲಿತು ಮುಗಿಸಿರುತ್ತಾರೆ ಎಂದಾಯಿತು. ಕೇಳದ ಮಗು ಈ ಪಾಠಕ್ಕೆ ಗೈರುಹಾಜರಾಗಿರುತ್ತದೆ.

1998ರಲ್ಲಿ ಅಮೆರಿಕದ ಕೊಲರಾಡೊ ಸಂಸ್ಥಾನದಿಂದ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಶ್ರವಣದೋಷವು ಆರು ತಿಂಗಳೊಳಗೆ ಪತ್ತೆಯಾದ 72 ಮಕ್ಕಳನ್ನೂ ಅನಂತರ ಪತ್ತೆಯಾದ 78 ಮಕ್ಕಳನ್ನೂ ಹೋಲಿಸಿ ನೋಡಿದಾಗ, ಮೊದಲ ಗುಂಪಿನ ಮಕ್ಕಳ ಭಾಷಾಶಕ್ತಿ ಸ್ಪಷ್ಟವಾಗಿ ಮೇಲಾಗಿತ್ತು. ದೋಷದ ತೀವ್ರತೆಯಾಗಲಿ ಮನೆತನದ ಸಿರಿತನ ಬಡತನಗಳಾಗಲಿ ಈ ಅಂತರಕ್ಕೆ ಕಾರಣವಾಗಿರಲಿಲ್ಲ. ಇದರಿಂದಲೇ ತಜ್ಞರು 1-3-6 ಎಂಬ ಸೂತ್ರವನ್ನು ಹೇಳುತ್ತಾರೆ: ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ. ಐದು ವರ್ಷದ ಮಗುವಿಗೆ ವೇದಿಕೆಯ ಮೇಲೆ ಯಂತ್ರ ತೊಡಿಸುವಾಗ ನಾವು ಎಷ್ಟು ಹಿಂದೆ ಬಿದ್ದಿರುವೆವೆಂಬುದು ಈ ಸೂತ್ರದಿಂದ ತಿಳಿಯುತ್ತದೆ.

ಹೀಗೆ ತಡವಾಗಲು ಕಾರಣವೇನು? ಕಿವುಡು ಕಣ್ಣಿಗೆ ಕಾಣದ ದೋಷ. ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ಅಳುತ್ತದೆ, ನಗುತ್ತದೆ, ಊಂಗುಟ್ಟುತ್ತದೆ. ತಾಯಿ ಎದುರಿಗೆ ಬಂದರೆ ಮುಖ ಅರಳಿಸುತ್ತದೆ. ಬಾಗಿಲು ಧಡ್ಡೆಂದರೆ ನೆಲದ ಅದುರಿಗೆ ತಿರುಗಿ ನೋಡಲೂಬಹುದು. ವರ್ಷ ಕಳೆದರೂ ಮಾತು ಬಾರದಿದ್ದಾಗ ಮನೆಯ ಹಿರಿಯರು, “ಇವನಪ್ಪನೂ ಮೂರು ವರ್ಷಕ್ಕೇ ಮಾತು ಕಲಿತದ್ದು, ಅವಸರವೇನು?” ಎನ್ನುತ್ತಾರೆ. ಬಜೆಯನ್ನು ತೇದು ನಾಲಗೆಗೆ ಹಚ್ಚುತ್ತಾರೆ. ದೇವರಿಗೆ ಹರಕೆ ಹೊರುತ್ತಾರೆ. ಪ್ರೀತಿಗೇನೂ ಕೊರತೆಯಿಲ್ಲ. ನಾಲಗೆಯನ್ನು ನೋಡುವ ಭರದಲ್ಲಿ ಕಿವಿಯನ್ನು ಯಾರೂ ನೆನೆಯುವುದಿಲ್ಲ ಅಷ್ಟೆ. ಹೀಗೆ ಎರಡು ಮೂರು ವರ್ಷಗಳು ಕಳೆದುಹೋಗುತ್ತವೆ.

ಈ ವಿಳಂಬವನ್ನು ತಪ್ಪಿಸುವ ಸಾಧನ ಈಗ ವಿಜ್ಞಾನದ ಕೈಯಲ್ಲಿದೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಒಂದು ಸೋಜಿಗವನ್ನು ಕಂಡುಹಿಡಿದನು: ಆರೋಗ್ಯವಾದ ಕಿವಿಯು ಧ್ವನಿಯನ್ನು ಕೇಳುವುದಲ್ಲದೆ, ತಾನೂ ಅತಿ ಸೂಕ್ಷ್ಮವಾದ ಧ್ವನಿಯನ್ನು ಹೊರಡಿಸುತ್ತದೆ. ಹೊರಸಾಲಿನ ರೋಮಕೋಶಗಳು ಕುಣಿಯುವಾಗ ಏಳುವ ಪ್ರತಿಧ್ವನಿ ಅದು. ಮಲಗಿ ನಿದ್ರಿಸುವ ಕೂಸಿನ ಕಿವಿಯಲ್ಲಿ ಮೃದುವಾದ ಒಂದು ಬಿರಡೆಯನ್ನಿಟ್ಟು, ಟಿಕ್ ಟಿಕ್ ಎಂಬ ಸದ್ದು ಕೇಳಿಸಿ, ಮರಳಿ ಬರುವ ಧ್ವನಿಯನ್ನು ಹಿಡಿದರೆ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಕೂಸಿಗೆ ನೋವಿಲ್ಲ, ಅದು ಉತ್ತರ ಹೇಳಬೇಕಾಗಿಯೂ ಇಲ್ಲ. ಪ್ರತಿಧ್ವನಿ ಬಾರದಿದ್ದ ಮಾತ್ರಕ್ಕೆ ಮಗು ಕಿವುಡೆಂದು ತೀರ್ಮಾನಿಸಕೂಡದು. ಹೊಸ ಕೂಸಿನ ಕಿವಿಯಲ್ಲಿ ಉಳಿದಿರುವ ದ್ರವದಿಂದಲೂ ಹಾಗಾಗಬಹುದು. ಮತ್ತೊಮ್ಮೆ ಪರೀಕ್ಷಿಸಿ, ಆಗಲೂ ಸಂಶಯ ಉಳಿದರೆ ನರ ಹಾಗೂ ಮಿದುಳುಕಾಂಡದ ವಿದ್ಯುತ್ ಸ್ಪಂದನವನ್ನು ಅಳೆಯುವ ಪರೀಕ್ಷೆಗೆ ಕಳುಹಿಸಬೇಕು. ಸೇವಾಸಂಸ್ಥೆಯೊಂದು ತನ್ನ ಹಣವನ್ನು ಹೂಡಲು ಇದಕ್ಕಿಂತ ಫಲವತ್ತಾದ ನೆಲವಾವುದು? ಯಂತ್ರಗಳ ಹಂಚಿಕೆಗೆ ಸಲ್ಲುವ ಹಣದ ಒಂದು ಭಾಗವನ್ನು ದಾಸರಹಳ್ಳಿಯ ಸುತ್ತಮುತ್ತ ಹೆರಿಗೆಯಾಗುವ ಕಡೆಗಳಲ್ಲಿ ಈ ಪರೀಕ್ಷೆಗೆ ತೊಡಗಿಸಿದರೆ, ಐದನೆಯ ವರ್ಷದಲ್ಲಿ ಸಿಕ್ಕುತ್ತಿದ್ದ ಮಗು ಐದನೆಯ ವಾರದಲ್ಲಿಯೇ ಸಿಕ್ಕುವುದು.

ಪತ್ತೆಯಾದ ಮೇಲಿನ ಕೆಲಸ ಇನ್ನೂ ದೊಡ್ಡದು. ಶ್ರವಣಯಂತ್ರದ ಗುಂಡಿಯಂತಹ ಬ್ಯಾಟರಿ ಒಂದೆರಡು ವಾರಗಳಲ್ಲಿ ತೀರಿಹೋಗುತ್ತದೆ. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ, ಕಿವಿಯಲ್ಲಿ ಕೂರುವ ಅಚ್ಚನ್ನು ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಸಬೇಕು. ಇಲ್ಲವಾದರೆ ಅದು ಸಡಿಲವಾಗಿ ಶಿಳ್ಳು ಹಾಕತೊಡಗುತ್ತದೆ. ಬೆವರು, ತೇವ, ಧೂಳು ಇವು ಯಂತ್ರದ ಶತ್ರುಗಳು. ಇವೆಲ್ಲವನ್ನೂ ಗೆದ್ದರೂ ಮುಖ್ಯವಾದ ಮದ್ದು ಬೇರೆಯೇ ಇದೆ. ಅದು ಮನೆಯವರ ಮಾತು. ಅಕ್ಕಿ ತೊಳೆಯುವಾಗ, ಬಟ್ಟೆ ಒಗೆಯುವಾಗ, ಮಗುವಿಗೆ ಉಣಿಸುವಾಗ ತಾಯಿ ತಂದೆಯರು ಎದುರಿಗೆ ಕುಳಿತು ಎಡೆಬಿಡದೆ ಆಡುವ ಮಾತು. ಅದನ್ನು ಆಡುವ ಕ್ರಮವನ್ನು ಅವರಿಗೂ ಯಾರಾದರೂ ಕಲಿಸಬೇಕು.

ಇದನ್ನು ಅರಿತು ನಡೆದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ವಾಕ್ ಶ್ರವಣ ವಿಜ್ಞಾನಕ್ಕಾಗಿಯೇ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆ ಮೈಸೂರಿನಲ್ಲಿದೆ. ಅಲ್ಲಿ ತರಬೇತಾದ ತಜ್ಞರು ದೇಶದಲ್ಲೆಲ್ಲ ಇದ್ದಾರೆ. ಅದೇ ಮೈಸೂರಿನಲ್ಲಿ ಕಿವುಡು ಮಕ್ಕಳ ತಂದೆತಾಯಿಯರ ಸಂಘವೂ ರೋಟರಿ ವೆಸ್ಟ್ ಸಂಸ್ಥೆಯೂ ಒಟ್ಟಿಗೆ ಹೆಸರು ಕೊಟ್ಟಿರುವ ಒಂದು ಶಾಲೆಯುಂಟು. ತಾಯಂದಿರ ಶಾಲೆಯೆಂದೇ ಅದು ಹೆಸರಾಗಿದೆ; ಏಕೆಂದರೆ ಅಲ್ಲಿ ಮಗುವಿನೊಡನೆ ತಾಯಿಯೂ ಶಾಲೆಗೆ ಬಂದು ಕುಳಿತು ಕಲಿಯುತ್ತಾಳೆ, ಕಲಿತು ತನ್ನ ಮಗುವಿಗೆ ತಾನೇ ಗುರುವಾಗುತ್ತಾಳೆ. ಸೇವಾಸಂಸ್ಥೆಯ ಹೆಸರು ಶಾಮಿಯಾನದ ಬಟ್ಟೆಯ ಮೇಲೆ ಒಂದು ದಿನ ತೂಗುವುದಕ್ಕೂ, ಇಂತಹ ಶಾಲೆಯ ಬಾಗಿಲ ಮೇಲೆ ವರ್ಷಾನುಗಟ್ಟಲೆ ನಿಲ್ಲುವುದಕ್ಕೂ ಎಷ್ಟು ವ್ಯತ್ಯಾಸ!

ಇದೆಲ್ಲ ಸರ್ಕಾರದ ಹೊಣೆಯಲ್ಲವೆ ಎಂದು ಕೆಲವರು ಕೇಳಬಹುದು. ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಕಿವುಡುತನದ ತಡೆ ಮತ್ತು ನಿಯಂತ್ರಣಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವು 2006-07ರಲ್ಲಿ ಆರಂಭವಾಯಿತು. ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗಾಗಿ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂದಿತು. ಹುಟ್ಟುಕಿವುಡು ಅದರ ಪಟ್ಟಿಯಲ್ಲಿದೆ. ಅರ್ಹರಾದ ಚಿಕ್ಕ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟಿಗೂ ಸರ್ಕಾರಿ ಯೋಜನೆಗಳಲ್ಲಿ ನೆರವು ದೊರೆಯುತ್ತದೆ. ಆದರೆ ಯೋಜನೆಗೂ ಮಗುವಿಗೂ ನಡುವೆ ಒಂದು ಕಂದಕವಿದೆ. ಪೀಣ್ಯದ ಕಾರ್ಖಾನೆಯಲ್ಲಿ ದಿನಗೂಲಿಗೆ ದುಡಿಯುವ ತಾಯಿಯನ್ನು ನೆನೆಯಿರಿ. ವಾರಕ್ಕೆ ಎರಡು ಬಾರಿ ಮಗುವನ್ನು ನಗರದ ಇನ್ನೊಂದು ತುದಿಯ ಚಿಕಿತ್ಸಾಲಯಕ್ಕೆ ಕರೆದೊಯ್ದರೆ ಎರಡು ದಿನದ ಕೂಲಿ ಹೋಗುತ್ತದೆ. ಯಾವ ಕಾಗದ ಎಲ್ಲಿ ಕೊಡಬೇಕೆಂಬುದು ಅವಳಿಗೆ ತಿಳಿಯದು. ಬಾಡಿಗೆಯ ಮನೆ ಬದಲಾಯಿಸಿದೊಡನೆ ಅವಳ ಗುರುತೇ ದಾಖಲೆಗೆ ಸಿಕ್ಕದೆ ಹೋಗುತ್ತದೆ. ಈ ಕಂದಕಕ್ಕೆ ಸೇತುವೆ ಕಟ್ಟುವವರು ನೆರೆಹೊರೆಯವರು, ಎಂದರೆ ಸ್ಥಳೀಯ ಸೇವಾಸಂಸ್ಥೆಯವರು. ಒಬ್ಬ ಸದಸ್ಯನಿಗೆ ಒಂದು ಮಗು ಎಂದು ವಹಿಸಿಕೊಂಡು, ಬ್ಯಾಟರಿ, ಅಚ್ಚು, ಬಸ್ಸಿನ ಖರ್ಚು, ಹೋದ ಕೂಲಿ ಇವುಗಳನ್ನು ನೋಡಿಕೊಂಡು, ಮಗು ಶಾಲೆ ಸೇರಿ ನಿಲ್ಲುವವರೆಗೆ ಕೈ ಬಿಡದಿದ್ದರೆ ಅದೇ ನಿಜವಾದ ಶ್ರವಣಸೇವೆ.

ಇದಕ್ಕೆ ಅಡ್ಡಿಯಾಗಿರುವುದು ಸಂಸ್ಥೆಗಳ ಪಂಚಾಂಗ. ರೋಟರಿಯಲ್ಲಿಯೂ ಲಯನ್ಸಿನಲ್ಲಿಯೂ ಜುಲೈ 1ಕ್ಕೆ ಹೊಸ ವರ್ಷ. ಅಂದು ಹೊಸ ಅಧ್ಯಕ್ಷರು ಬರುತ್ತಾರೆ. ಪ್ರತಿಯೊಬ್ಬ ಅಧ್ಯಕ್ಷರಿಗೂ ತಮ್ಮ ಅವಧಿಯಲ್ಲಿ ತಮ್ಮದೇ ಒಂದು ಕಾರ್ಯ ಆಗಬೇಕೆಂಬ ಆಸೆ ಸಹಜ. ಆದರೆ ಮಗುವಿನ ಪಂಚಾಂಗವು ಜೂನ್ 30ಕ್ಕೆ ಮುಗಿಯುವುದಿಲ್ಲವಷ್ಟೆ! ಇದು ಮೀರಲಾರದ ಅಡ್ಡಿಯೆಂದು ಯಾರೂ ನಿರಾಶರಾಗಬೇಕಾಗಿಲ್ಲ. 1985ರಲ್ಲಿ ಜಗತ್ತಿನಿಂದ ಪೋಲಿಯೊವನ್ನು ತೊಲಗಿಸುವ ಕಾರ್ಯವನ್ನು ಹಿಡಿದ ರೋಟರಿಯು, ಅಧ್ಯಕ್ಷರ ಮೇಲೆ ಅಧ್ಯಕ್ಷರು ಬದಲಾದರೂ ಅದನ್ನು ಕೈಬಿಟ್ಟಿಲ್ಲ. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಸಾವಿರಾರು ಕಾರ್ಯಕರ್ತರು ಇವರೆಲ್ಲರೊಡನೆ ಸೇರಿ ದುಡಿದುದರ ಫಲವಾಗಿ 2014ರ ಮಾರ್ಚಿಯಲ್ಲಿ ಭಾರತವು ಪೋಲಿಯೊಮುಕ್ತವೆಂದು ಪ್ರಮಾಣಿತವಾಯಿತು. ಪೋಲಿಯೊ ವಿಷಯದಲ್ಲಿ ತೋರಿದ ಹಟವನ್ನು ಕಿವಿಯ ವಿಷಯದಲ್ಲಿಯೂ ತೋರಬಾರದೇಕೆ?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕೆಲವು ಮಕ್ಕಳಿಗೆ ಯಂತ್ರದಿಂದಲೂ ಶಸ್ತ್ರಕ್ರಿಯೆಯಿಂದಲೂ ಹೆಚ್ಚು ಪ್ರಯೋಜನವಾಗದು. ಅಂತಹ ಮಗುವನ್ನು ‘ಫಲಿಸದ ಪ್ರಯತ್ನ’ವೆಂದು ಬದಿಗಿಡುವುದು ಅನ್ಯಾಯ. ಮಿದುಳಿಗೆ ಬೇಕಾದುದು ಭಾಷೆ. ಅದು ಕೈಯ ಭಾಷೆಯಾದರೂ ಭಾಷೆಯೇ. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆಗೂ ತರಬೇತಿಗೂ 2015ರಲ್ಲಿ ದೆಹಲಿಯಲ್ಲಿ ಒಂದು ಕೇಂದ್ರವೇ ಸ್ಥಾಪಿತವಾಗಿದೆ. ಮಾತೋ ಸಂಜ್ಞೆಯೋ, ಯಾವುದಾದರೂ ಒಂದು ಭಾಷೆ ಮಗುವಿಗೆ ಕಾಲ ಮೀರದೆ ದೊರೆಯಬೇಕು. ಯಾವ ಭಾಷೆಯೂ ಇಲ್ಲದೆ ಮೊದಲ ವರ್ಷಗಳು ಕಳೆದುಹೋಗುವುದೇ ನಿಜವಾದ ದುರಂತ.

ಹಾಗೆಯೇ, ಬಾರದಂತೆ ತಡೆಯುವುದನ್ನೂ ಮರೆಯಲಾಗದು. ಬಾಲ್ಯದ ಶ್ರವಣದೋಷದಲ್ಲಿ ಸುಮಾರು 60 ಭಾಗ ತಡೆಯಬಹುದಾದ ಕಾರಣಗಳಿಂದ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಗೆ ರುಬೆಲ್ಲ ತಗುಲಿದರೆ ಹುಟ್ಟುವ ಮಗು ಕಿವುಡಾಗಬಹುದು; ಅದನ್ನು ತಡೆಯುವ ದಡಾರ ರುಬೆಲ್ಲ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ 2017ರಲ್ಲಿ ನಡೆಯಿತು. ಸೋರುವ ಕಿವಿಗೆ ಬಿಸಿ ಎಣ್ಣೆ ಹೊಯ್ಯುವ, ಕಡ್ಡಿ ಹಾಕಿ ಕೆದಕುವ ಅಭ್ಯಾಸಗಳನ್ನು ಬಿಡಿಸುವುದಕ್ಕೆ ದೊಡ್ಡ ಹಣ ಬೇಕಾಗಿಲ್ಲ; ಮನೆಮನೆಗೆ ಹೋಗಿ ಹೇಳುವ ಬಾಯಿ ಬೇಕು.

ಆ ಬಾಯಿ ನಿಮ್ಮದಾಗಬಾರದೇಕೆ, ವಿದ್ಯಾರ್ಥಿಮಿತ್ರರೆ? ರೋಟರಿಗೆ ಇಂಟರಾಕ್ಟ್, ಲಯನ್ಸಿಗೆ ಲಿಯೊ ಎಂಬ ವಿದ್ಯಾರ್ಥಿ ಶಾಖೆಗಳು ಇವೆ. ಅವುಗಳಿಗೆ ಸೇರಿದರೂ ಸರಿ, ಸೇರದಿದ್ದರೂ ಸರಿ. ನಿಮ್ಮ ಬೀದಿಯ ಕೂಸೊಂದನ್ನು ಅದಕ್ಕೆ ಕಾಣದಂತೆ ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಿ. ವರ್ಷ ತುಂಬಿದ ಕೂಸು ಮತ್ತೆ ಮತ್ತೆ ಕರೆದರೂ ತಿರುಗದಿದ್ದರೆ, “ಒಮ್ಮೆ ಕಿವಿಯ ಪರೀಕ್ಷೆ ಮಾಡಿಸಿ ಅಕ್ಕ” ಎಂದು ಅದರ ತಾಯಿಗೆ ಹೇಳಿ. ಕೂಸು ತಿರುಗಿ ನೋಡಿತೆಂದು ಪರೀಕ್ಷೆಯೇ ಬೇಡವೆನ್ನಬೇಡಿ. ಅಲ್ಪಸ್ವಲ್ಪ ಕೇಳುವ ಕಿವಿಯೂ ಮಾತಿಗೆ ಸಾಲದೆ ಹೋಗಬಹುದು. ಶಿಬಿರ ನಡೆದಲ್ಲಿ ಕುರ್ಚಿ ಹಾಕುವುದಕ್ಕಷ್ಟೇ ಹೋಗಬೇಡಿ; ಯಂತ್ರ ಪಡೆದ ಮಗುವಿನ ಮನೆಯನ್ನು ಗುರುತು ಹಾಕಿಕೊಂಡು ಮುಂದಿನ ತಿಂಗಳು ಅಲ್ಲಿಗೆ ಹೋಗಿ. ಬ್ಯಾಟರಿ ಇದೆಯೆ, ಅಚ್ಚು ಸರಿಯಾಗಿದೆಯೆ, ಮಗು ಯಂತ್ರವನ್ನು ಹಾಕಿಕೊಳ್ಳುತ್ತಿದೆಯೆ ಎಂದು ವಿಚಾರಿಸಿ. ಆಮೇಲೆ ಅದರ ಎದುರಿಗೆ ಕುಳಿತು ಒಂದು ಕಥೆ ಹೇಳಿ. ಅದರ ಮುಂದಿನ ತಿಂಗಳೂ ಹೋಗಿ.